ಅತ್ತೆ ಕಟ್ಟಿದ ದಬ್ಬೆ

ಶಿವಮೊಗ್ಗದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಕತ್ತರಿಸಿದಾಗ ನನ್ನ ಎಡಗಾಲನ್ನು ನೋಡಿ ನಾನೇ ಬೆಚ್ಚಿಬಿದ್ದೆ. ತೊಡೆ ಸೊರಗಿ ತೋಳಿನಷ್ಟಾಗಿತ್ತು, ಮಂಡಿ ಮಾತ್ರ ಊದಿಕೊಂಡಿತ್ತು. ಕಡೂರಿನಲ್ಲಿ ಬಸ್ಸಿಳಿಯುವಾಗ ಜಾರಿ ಬಿದ್ದು ಮಂಡಿ ಚಿಪ್ಪು ಮುರಿದುಕೊಂಡಿದ್ದೆ. ಎಪ್ಪತ್ತರ ದಶಕದ ಕೊನೆಯ ಮಾತಿದು. ತರೀಕೆರೆಯ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ, ಲಂಗ ಹೊಲಿಯುವುದು ನನ್ನ ಕಸುಬು. ಕಾಲಲ್ಲಿ ತುಳಿಯುವ ಮಿಷನ್ನು. ಮಂಡಿ ಬಗ್ಗದಿದ್ದರೆ ಅದರ ಮುಂದೆ ಕೂರುವ ಹಾಗೇ ಇರಲಿಲ್ಲ.

"ದಿನಾ ಮಡಚಿ ಬಿಡಿಸಬೇಕು, ನೋವಾದರೂ ಬಿಡಬಾರದು" ಎಂದು ಡಾಕ್ಟರು ಹೇಳಿ ಚೀಟಿಯಲ್ಲೂ ಬರೆದರು. ನೋವೆಂದರೆ ನನಗೆ ಜೀವ ಹೋದಷ್ಟು ಭಯ. ಹೊರಗೆ ಕಾಯುತ್ತಿದ್ದ ಅತ್ತೆ "ಏನಂದ್ರು?" ಎಂದಾಗ, "ಹುಷಾರಾಗಿರಬೇಕಂತೆ" ಎಂದಷ್ಟೇ ಹೇಳಿದೆ. ಅತ್ತೆಗೆ ಓದು ಬರುತ್ತಿರಲಿಲ್ಲ.

ಅಜ್ಜಂಪುರದ ಕಡೆಯ ಅವರ ತವರಿನಲ್ಲಿ ಮೂಳೆ ಮುರಿದರೆ ಬಿದಿರಿನ ದಬ್ಬೆ ಕಟ್ಟಿ ತಿಂಗಳುಗಟ್ಟಲೆ ಅಲುಗಾಡಿಸುತ್ತಿರಲಿಲ್ಲ. "ಹಸಿ ಮೂಳೆ ಕಣಮ್ಮ, ತಿರ್ಗಾ ಬಿಟ್ಕೊಂಡ್ಬಿಡ್ತದೆ" ಎಂದು, ನಾನು ಲೈನಿಂಗಿಗೆ ತಂದಿಟ್ಟಿದ್ದ ಬಟ್ಟೆಯನ್ನೇ ಹರಿದು, ನಾಲ್ಕು ದಬ್ಬೆ ಇಟ್ಟು ಕಾಲನ್ನು ನೆಟ್ಟಗೆ ಬಿಗಿದರು. ದಿನಾ ಬೆಳಿಗ್ಗೆ ಬಿಚ್ಚಿ ಎಣ್ಣೆ ಸವರಿ ಮತ್ತೆ ಕಟ್ಟುವರು. ನೋವಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಹಾಯಾಗಿದ್ದೆ.

ತಿಂಗಳಾದ ಮೇಲೆ ಮತ್ತೆ ಶಿವಮೊಗ್ಗಕ್ಕೆ ತೋರಿಸಲು ಹೋದೆವು. ವ್ಯಾಯಾಮ ಮಾಡಿಸುವ ಹೆಂಗಸು ಕಟ್ಟು ಬಿಚ್ಚಿ ಕಾಲು ಬಗ್ಗಿಸಲು ನೋಡಿದರು. ಅದು ಒನಕೆಯ ಹಾಗೆ ನೆಟ್ಟಗೇ ಇತ್ತು.

"ಇದನ್ನ ಕಟ್ಟಿದ್ದು ಯಾರು?"

"ನಾನೇ ಕಣಮ್ಮ. ಒಂದಿನಾನೂ ತಪ್ಸಿಲ್ಲ" ಎಂದರು ಅತ್ತೆ, ಹೆಮ್ಮೆಯಿಂದಲೇ.

"ಇನ್ನೊಂದು ತಿಂಗಳು ಕಟ್ಟಿದ್ರೆ ಈ ಕಾಲು ಜನ್ಮದಲ್ಲಿ ಮಡಚ್ತಿರ್ಲಿಲ್ಲ. ಈಗ್ಲೂ ಹೇಳಕ್ಕಾಗಲ್ಲ."

ಅತ್ತೆಯ ಮುಖ ಬಿಳುಚಿಕೊಂಡಿತು. ಕಾಲು ಒತ್ತುವ ಕ್ರಮ ಕಲಿಯಲು ಅವರು ಡಾಕ್ಟರು ಬರೆದಿದ್ದ ಚೀಟಿ ಹಿಡಿದು ಒಳಗೇ ಉಳಿದರು. ನಾನು ಹೊರಗಿನ ಬೆಂಚಿನ ಮೇಲೆ ಅಳುತ್ತಾ ಕೂತಿದ್ದೆ. ಮನೆಗೆ ಬಂದವರೇ ಅತ್ತೆ ದಬ್ಬೆಗಳನ್ನು ನೀರೊಲೆಗೆ ತುರುಕಿದರು.

ಮಾರನೆಯ ದಿನದಿಂದ ಮಂಚದ ಅಂಚಿನಲ್ಲಿ ನನ್ನನ್ನು ಕೂರಿಸಿ, ಬಿಸಿನೀರಿನ ಬಟ್ಟೆಯಲ್ಲಿ ಶಾಖ ಕೊಟ್ಟು, ಪಾದ ಹಿಡಿದು ಮೆಲ್ಲಗೆ ಒತ್ತತೊಡಗಿದರು. ಮೂರನೆಯ ದಿನ ತಡೆಯಲಾರದೆ, "ಬಿಡೇ ಮುದುಕಿ! ನನ್ ಕಾಲು ತಿಂದಿದ್ದು ಸಾಲ್ದಾ ನಿಂಗೆ?" ಎಂದು ಕಿರುಚಿಬಿಟ್ಟೆ.

ಮದುವೆಯಾಗಿ ಹನ್ನೆರಡು ವರ್ಷ ಅವರೆದುರು ದನಿ ಎತ್ತಿದವಳಲ್ಲ ನಾನು. ಏಕವಚನವಂತೂ ದೂರದ ಮಾತು. ಓಡಿಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತುಬಿಟ್ಟರು. ನನ್ನ ಬಾಯಿಗೆ ನಾನೇ ಹೇಸಿದೆ.

ಅತ್ತೆ ಪಾದ ಬಿಡಲಿಲ್ಲ. "ಬೈಯಮ್ಮ, ಚೆನ್ನಾಗ್ ಬೈ. ಕಟ್ಟಿದ್ದು ನಾನೇ ಅಲ್ವಾ?" ಎಂದು ಇನ್ನಷ್ಟು ಒತ್ತಿದರು.

ಮೂರು ತಿಂಗಳು ನಾನು ಬೈದೆ, ಅವರು ಒತ್ತಿದರು. ಒಂದು ಬೆಳಿಗ್ಗೆ ಮಿಷನ್ನಿನ ಮುಂದೆ ಕೂತು ಪೆಡಲ್ ತುಳಿದೆ. ಚಕ್ರ ಪೂರ್ತಿ ಒಂದು ಸುತ್ತು ತಿರುಗಿತು, ಆಮೇಲೆ ಇನ್ನೊಂದು. ಕೆಳಗೆ ಕೂತು ನನ್ನ ಮಂಡಿಯನ್ನೇ ನೋಡುತ್ತಿದ್ದ ಅತ್ತೆ, "ಯಾಕೆ, ಇವತ್ತು ಬೈಗುಳ ಇಲ್ವಾ?" ಎಂದು ನಕ್ಕರು.

ನನಗೆ ಅಳು ಬಂತು. "ಅತ್ತೆ, ಡಾಕ್ಟ್ರು ಮಡಚು ಅಂತ್ಲೇ ಹೇಳಿದ್ರು. ಹೆದ್ರಿ ನಾನೇ ನಿಮಗೆ ಹೇಳ್ಲಿಲ್ಲ."

"ಗೊತ್ತು ಕಣೇ. ನೀನು ಆಚೆ ಅಳ್ತಾ ಕೂತಿದ್ದಾಗ ಆಯಮ್ಮ ಚೀಟಿ ಓದಿ ಹೇಳಿದ್ಲು" ಎಂದರು ಅತ್ತೆ. "ತುಳಿ, ನಿಲ್ಲಿಸ್ಬೇಡ."