ಕರೆಂಟ್ ಹೋಗಿತ್ತು ಅಂದೆ

ಹಲ್ಲಿ ಕಂಡರೆ ಹೆದರುವವರಿದ್ದಾರೆ, ಲಿಫ್ಟಿಗೆ ಹೆದರುವವರಿದ್ದಾರೆ. ನಾನು ಹೆದರುವುದು ನಮ್ಮ ಹಜಾರದ ಟಿ.ವಿ. ಪಕ್ಕದಲ್ಲಿರುವ ಒಂದು ಕಪ್ಪು ಪೆಟ್ಟಿಗೆಗೆ. ಊಟದ ಡಬ್ಬಿಗಿಂತ ಒಂಚೂರು ದೊಡ್ಡದು, ಅಷ್ಟೇ. ಅದು ಕಚ್ಚುವುದಿಲ್ಲ, ಸುಡುವುದಿಲ್ಲ. ಆದರೆ ನೋಡಿದ್ದನ್ನು ಬರೆದಿಡುತ್ತದೆ, ಕೇಳಿದವರಿಗೆ ತೋರಿಸುತ್ತದೆ. ಈ ಎರಡು ಗುಣ ಒಟ್ಟಿಗೆ ಇರುವ ಮನುಷ್ಯ ಪಕ್ಕದ ಮನೆಗೆ ಬಾಡಿಗೆಗೆ ಬಂದರೆ ನೀವೂ ಹೆದರುತ್ತೀರಿ.

ಪೆಟ್ಟಿಗೆ ನನ್ನ ತಂಗಿ ಸುಮಾಳದು, ಒಂದು ಪುಟ್ಟ ಕಂಪ್ಯೂಟರು. ಒಂದು ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ನಾನು ಮಂಡ್ಯದಲ್ಲಿ ಎಂಟನೇ ಕ್ಲಾಸಿನವರೆಗೆ ಓದಿ ಅಲ್ಲಿಗೆ ನಿಲ್ಲಿಸಿದವನು. ಈಗ ಚೆನ್ನೈಗೆ ಬಂದು, ಪಲ್ಲಾವರಂನ ಒಂದು ಮೆಸ್ಸಿನಲ್ಲಿ ಬೆಳಗಿನ ತಿಂಡಿ ನನ್ನ ಜವಾಬ್ದಾರಿ. ವೇಲಚೇರಿಯಲ್ಲಿ ಎರಡನೇ ಮಹಡಿಯ ಮನೆಯಲ್ಲಿ ನಾವಿಬ್ಬರೇ ಇರುತ್ತೇವೆ. ಮಳೆಗಾಲ ಬಂದರೆ ಮನೆಯೊಳಗೇ ನೀರು ನುಗ್ಗುವ ವೇಲಚೇರಿಯಲ್ಲಿ, ನೆಲಮಹಡಿ ಯಾಕೆ ಬೇಡ ಅಂದಿರಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಕಂಪ್ಯೂಟರು ಒಳಗೆ ನಡೆದದ್ದನ್ನೆಲ್ಲ ಸಾಲುಸಾಲಾಗಿ ಬರೆದಿಟ್ಟುಕೊಳ್ಳುತ್ತದೆಯಂತೆ. ಅದಕ್ಕೆ ಲಾಗ್ ಎಂದು ಹೆಸರು. ಸುಮಾ ಆ ಸಾಲುಗಳನ್ನು ವೆಬ್ ಸರ್ವರ್ ಅನ್ನುವುದರ ಕೈಗೆ ಕೊಟ್ಟಿದ್ದಳು. ಹಾಗೆಂದರೇನು ಎಂದು ಕೇಳಿದೆ.

"ನೀನು ಮೆಸ್ಸಲ್ಲಿ ಬಡಿಸ್ತೀಯಲ್ಲಣ್ಣ, ಹಂಗೇ. ನಾನು ಆಫೀಸಲ್ಲಿ ಕೂತು ಫೋನಲ್ಲಿ ಕೇಳಿದ್ರೆ ಈ ಮೆಷೀನು ತನ್ನ ಲಾಗನ್ನ ಅಲ್ಲಿಗೇ ಬಡಿಸುತ್ತೆ. ನಾನು ಒಪ್ಪಿದೋರು ಯಾರು ಕೇಳಿದ್ರೂ ಬಡಿಸುತ್ತೆ."

"ಒಂದನ್ನೂ ಮುಚ್ಚಿಡಲ್ವಾ?"

"ಅದಕ್ಕೆ ಅಷ್ಟು ಬುದ್ಧಿ ಇಲ್ಲ ಬಿಡು."

ಆಫೀಸಿನ ಅಷ್ಟೂ ಯಂತ್ರಗಳ ಲಾಗನ್ನು ಹೀಗೆ ಕೂತಲ್ಲೇ ಓದಬಹುದು ಎಂದು ತೋರಿಸಿದರೆ ಆ ಕೆಲಸದ ಉಸ್ತುವಾರಿ ಅವಳಿಗೇ ಸಿಗುವುದರಲ್ಲಿತ್ತು. ಮನೆಯ ಪೆಟ್ಟಿಗೆ ಅದರ ಮಾದರಿ.

ಇನ್ನು ನನ್ನ ಮಧ್ಯಾಹ್ನದ ನಿದ್ದೆಯ ವಿಷಯ. ಕೋಳಿಗಿಂತ ಮೊದಲು ಏಳುವವನಿಗೆ ಮಧ್ಯಾಹ್ನದ ನಿದ್ದೆ ಸೋಮಾರಿತನವಲ್ಲ, ಬಾಕಿ ಸಂಬಳ. ಈ ಮಾತನ್ನು ಸುಮಾಳಿಗೆ ಎಷ್ಟು ಸಲ ಹೇಳಿದರೂ ಅವಳು ನಗುತ್ತಾಳೆ. ಪೆಟ್ಟಿಗೆಯೊಳಗೆ ಒಂದು ಫ್ಯಾನಿದೆ. ಅದು ಸೊಳ್ಳೆಯ ಸಂಸಾರ ಇಡಿಯಾಗಿ ಕಿವಿಯ ಹತ್ತಿರ ಬಂದು ಕೂತ ಹಾಗೆ ಗುಂಯ್ಗುಡುತ್ತದೆ. ಒಂದು ಗುರುವಾರ ಸೆಕೆಯಲ್ಲಿ ಹೊರಳಿ ಹೊರಳಿ ಸಾಕಾಗಿ ಎದ್ದೆ. ಅದರ ಮುಖದ ಮೇಲಿದ್ದ ಗುಂಡನೆಯ ಬಟನ್ ಒತ್ತಿದೆ. ಸದ್ದು ನಿಂತಿತು. ಆಹಾ, ಅಂಥ ನಿದ್ದೆ ಮತ್ತೆ ಬಂದಿಲ್ಲ, ಇನ್ನು ಬರುವುದೂ ಇಲ್ಲ.

ಫೋನ್ ಬಡಿದುಕೊಂಡಾಗ ಎಚ್ಚರವಾಯಿತು. ಆಗಲೇ ಸುಮಾ ತನ್ನ ಆಫೀಸಿನ ಸಾರ್‌ಗೆ ಪೆಟ್ಟಿಗೆಯ ಲಾಗ್ ಕಾಣುವ ಪುಟ ತೋರಿಸಲು ಕೂತಿದ್ದಳು. ಪುಟ ತೆರೆಯಲೇ ಇಲ್ಲ.

"ಅಣ್ಣಾ, ಕರೆಂಟ್ ಹೋಗಿತ್ತಾ?"

ಇಲ್ಲಿ ನಾನು ಒಂದು ಕ್ಷಣ ತಡೆದಿದ್ದರೆ ಸಾಕಿತ್ತು. ಆದರೆ ಪ್ರಶ್ನೆಯೊಳಗೇ ಉತ್ತರ ಇಟ್ಟು ಕೊಟ್ಟರೆ ನನ್ನಂಥವನು ಇಸಿದುಕೊಳ್ಳದೆ ಇರುತ್ತಾನೆಯೇ? "ಹೂಂ ಕಣಮ್ಮ, ಹೋಗಿತ್ತು" ಅಂದೆ. ಅಷ್ಟಕ್ಕೇ ಬಿಡಬಹುದಿತ್ತು. ಬರಿಯ ಸುಳ್ಳು ಸಪ್ಪೆ ಅನ್ನಿಸಿತೋ ಏನೋ, ಒಗ್ಗರಣೆಯನ್ನೂ ಹಾಕಿದೆ. "ಟ್ರಾನ್ಸ್‌ಫಾರ್ಮರ್ ಢಂ ಅಂತು. ಇಡೀ ಬೀದಿಗೇ ಕರೆಂಟ್ ಇರ್ಲಿಲ್ಲ." ಎದ್ದು ಬಟನ್ ಒತ್ತಿ ಪೆಟ್ಟಿಗೆಗೆ ಜೀವ ಕೊಟ್ಟೆ. ಆ ಕಡೆ ಅವಳು ಸಾರ್‌ಗೆ ಢಂ ಸಮೇತ ಒಪ್ಪಿಸಿದಳು. ಅವರು, ಸರಿ, ಸೋಮವಾರ ಎಲ್ಲರ ಮುಂದೆ ತೋರಿಸಮ್ಮಾ ಅಂದರು.

ರಾತ್ರಿ ಊಟದ ಹೊತ್ತಿಗೆ ಸುಮ್ಮನೆ ಮಾತಿಗೆ ಅನ್ನುವ ಹಾಗೆ ಕೇಳಿದೆ: "ಕರೆಂಟ್ ಹೋದದ್ದೂ ಅದರಲ್ಲಿ ಬರುತ್ತಾ?"

"ಕರೆಂಟ್ ಹೋದ್ರೆ ಬರೆಯೋಕೆ ಟೈಮೇ ಇರಲ್ಲ. ಬರೀತಾ ಬರೀತಾ ಅಲ್ಲಿಗೇ ನಿಂತುಹೋಗುತ್ತೆ. ಬಟನ್ ಒತ್ತಿ ಆಫ್ ಮಾಡಿದ್ರೆ ಬೇರೆ. ಬಟನ್ ಒತ್ತಿದ್ರು ಅಂತ ಮೊದಲು ಬರ್ಕೊಳ್ಳುತ್ತೆ. ಆಮೇಲೆ ನಡೀತಿರೋ ಕೆಲಸಾನೆಲ್ಲ ಒಂದೊಂದಾಗಿ ನಿಲ್ಲಿಸಿ, ಅದನ್ನೂ ಬರೆದು ಮಲಗುತ್ತೆ."

ದಾರಿಯಲ್ಲಿ ಹೋಗುತ್ತಾ ದೊಪ್ಪನೆ ಬಿದ್ದು ಸಾಯುವವನಿಗೂ, ಮಕ್ಕಳು ಮರಿಯನ್ನೆಲ್ಲ ಹತ್ತಿರ ಕರೆದು ಮಾತಾಡಿಸಿ ಕಣ್ಣು ಮುಚ್ಚುವವನಿಗೂ ಇರುವಷ್ಟು ವ್ಯತ್ಯಾಸ. ನನ್ನ ಪೆಟ್ಟಿಗೆ ಎಲ್ಲರಿಗೂ ಹೇಳಿಯೇ ಹೋಗಿತ್ತು, ಕೊಂದವನು ಹೇಗೆ ಕೊಂದ ಎಂಬುದು ಮೊದಲನೆಯ ಸಾಲಿನಲ್ಲೇ. ಚಿತ್ರಗುಪ್ತನೂ ಬರೆಯುತ್ತಾನೆ, ಇಲ್ಲವೆನ್ನುವುದಿಲ್ಲ. ಆದರೆ ಅವನಿಗೊಂದು ಮರ್ಯಾದೆ ಇದೆ: ನಾವು ಸಾಯುವವರೆಗೆ ಪುಸ್ತಕ ಬಿಚ್ಚುವುದಿಲ್ಲ, ಬಿಚ್ಚಿದರೂ ಯಮನೊಬ್ಬನ ಮುಂದೆ. ಇದು ಸೋಮವಾರ, ತಂಗಿಯ ಆಫೀಸಿನವರೆಲ್ಲರ ಮುಂದೆ.

"ಎಷ್ಟು ದಿನದ್ದು ಇಟ್ಕೊಂಡಿರುತ್ತೆ?"

"ಜಾಗ ತುಂಬೋವರೆಗೆ. ತುಂಬಿದ್ರೆ ಹಳೇದನ್ನ ಬಿಸಾಕುತ್ತೆ. ಮೌಸ್ ವೈರ್ ಕಿತ್ತು ಚುಚ್ಚಿದ್ರೂ ನಾಕು ಸಾಲು ಬರೆಯುತ್ತೆ ಈ ಮಹಾರಾಯ್ತಿ. ಯಾಕಣ್ಣ ಇವತ್ತು ಇಷ್ಟೊಂದು ಆಸಕ್ತಿ?"

"ತಿಳ್ಕೊಬಾರ್ದಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನಿಮಗೆ ಗೊತ್ತು. ನಾನು ಅವನಿಗಿಂತ ಒಂದು ಹೆಜ್ಜೆ ಮುಂದೆ. ಹೆಗಲ ಮೇಲಿನ ಬೂದಿ ಕಾಣದಿರಲಿ ಎಂದು ಬೂದಿಗುಂಡಿಯಲ್ಲೇ ಹೊರಳಾಡಿದೆ. ಶುಕ್ರವಾರ ಮೆಸ್ಸಿನಿಂದ ಬಂದವನೇ ಪೆಟ್ಟಿಗೆಯ ಮುಂದೆ ಕೂತು ಮೌಸಿನ ಬಾಲ ಕೀಳುವುದು, ಚುಚ್ಚುವುದು, ಕೀಳುವುದು, ಚುಚ್ಚುವುದು. ಸಾಲುಗಳು ತುಂಬಿ ಗುರುವಾರ ಆ ಕಡೆಯಿಂದ ಕೆಳಗೆ ಬಿದ್ದುಹೋಗಲಿ ಎಂದು. ಹೆಬ್ಬೆರಳಿಗೆ ಬೊಬ್ಬೆ ಬಂತು. ಶನಿವಾರ ಎಡಗೈಯಲ್ಲಿ ಮುಂದುವರಿಸಿದೆ. ದೇವರ ಜಪ ಇಷ್ಟು ಶ್ರದ್ಧೆಯಿಂದ ಮಾಡಿದ್ದರೆ ಇಷ್ಟು ಹೊತ್ತಿಗೆ ಮೋಕ್ಷವಾದರೂ ಸಿಗುತ್ತಿತ್ತು. ನನ್ನ ಈ ಸಾಹಸವನ್ನೆಲ್ಲ ಪೆಟ್ಟಿಗೆ ಅದೇ ಕ್ಷಣದಲ್ಲಿ ಆಫೀಸಿಗೆ ಬಡಿಸುತ್ತಿದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಫೋನ್ ಬಂತು. ಸುಮಾ.

"ಅಣ್ಣಾ, ಆ ಮೆಷೀನ್ ಹತ್ರ ಹೋಗ್ಬೇಡ. ಒಳಗೆ ಏನೋ ಲೂಸಾಗಿದೆ. ಮೌಸ್ ತಾನಾಗೇ ಹೋಗ್ತಿದೆ, ತಾನಾಗೇ ಬರ್ತಿದೆ. ಕರೆಂಟ್ ಹೋಗಿ ಬಂದಾಗ ಸುಟ್ಟಿರ್ಬೇಕು. ಮುಟ್ಟಿದ್ರೆ ಶಾಕ್ ಹೊಡೆಯುತ್ತೆ. ದೂರ ಕೂತ್ಕೋ, ಆಯ್ತಾ?"

ಬಲಗೈಯಲ್ಲಿ ಫೋನು, ಎಡಗೈಯಲ್ಲಿ ಮೌಸು. ದೂರ ಕೂತುಕೊಂಡೆ.

ಸಂಜೆ ಬಂದವಳು ಚೀಲವನ್ನೂ ಇಳಿಸದೆ ಸ್ಕ್ರೂಡ್ರೈವರ್ ಹಿಡಿದು ಕೂತಳು. ಮುಖ ಒಣಗಿತ್ತು. "ಇನ್ನೂ ರೆಡಿ ಇಲ್ಲ, ಬೇರೆಯೋರಿಗೆ ಕೊಡಿ ಅಂತ ಸಾರ್‌ಗೆ ಹೇಳಿಬಿಡ್ತೀನಿ. ಈ ದರಿದ್ರದ್ದನ್ನ ನಂಬ್ಕೊಂಡು ಎಲ್ಲರ ಮುಂದೆ ನಿಂತ್ಕೊಳ್ಳೋಕೆ ಆಗಲ್ಲಣ್ಣ."

ಪೆಟ್ಟಿಗೆ ನಂಬಿಕಸ್ಥ. ಆ ಕೋಣೆಯಲ್ಲಿ ನಂಬಬಾರದ್ದು ಬೇರೆ ಒಂದಿತ್ತು, ಪಕ್ಕದಲ್ಲೇ ಲುಂಗಿ ಉಟ್ಟು ನಿಂತಿತ್ತು.

"ಸುಮಾ, ಬಿಚ್ಚಬೇಡ. ಅದಕ್ಕೇನೂ ಆಗಿಲ್ಲ. ಮೌಸ್ ಕಿತ್ತಿದ್ದು ನಾನು."

"ಯಾಕೆ?"

"ಗುರುವಾರದ್ದು ಅಳಿಸಿಹೋಗ್ಲಿ ಅಂತ."

ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಕರೆಂಟ್ ಹೋಗಿರ್ಲಿಲ್ಲ."

"ಇಲ್ಲ. ಅದರ ಸದ್ದಿಗೆ ನಿದ್ದೆ ಬರ್ತಿರ್ಲಿಲ್ಲ."

"ಮತ್ತೆ ಆ ಢಂ?"

"ಅದು... ನಾನೇ."

ಬೈಯುತ್ತಾಳೆ ಎಂದುಕೊಂಡೆ. ನಗು ಬಂತು ಅವಳಿಗೆ, ನಗುತ್ತಲೇ ಕಣ್ಣಲ್ಲಿ ನೀರೂ ಬಂತು. "ಆ ಜಾಗ ತುಂಬಿಸೋಕೆ ನೀನು ಮೂರು ಜನ್ಮ ಮೌಸ್ ಚುಚ್ಚಬೇಕಿತ್ತು ಕಣೋ. ಸದ್ದಾಗ್ತಿದೆ ಅಂತ ಒಂದು ಮಾತು ಅಂದಿದ್ರೆ ನನ್ನ ರೂಮಿಗೆ ಇಟ್ಕೋತಿದ್ದೆ." ಆಮೇಲೆ ನಗು ನಿಂತಿತು. "ಆ ಕರೆಂಟಿನ ಕಥೇನ ನಾನು ಸಾರ್‌ಗೆ ನನ್ನ ಮಾತು ಅಂತ ಹೇಳಿದ್ದೆ, ಅಣ್ಣಾ."

ಅಲ್ಲೇ ಕೂತು ಅವರಿಗೆ ಫೋನ್ ಮಾಡಿದಳು. ತಮಿಳಿನಲ್ಲಿ, ಒಗ್ಗರಣೆಯಿಲ್ಲದೆ. ಕರೆಂಟ್ ಹೋಗಲಿಲ್ಲ ಸಾರ್, ಅಣ್ಣ ಆಫ್ ಮಾಡಿದ್ದರು, ನನಗೆ ಈಗ ಗೊತ್ತಾಯಿತು. ನಾನು ಗೋಡೆ ನೋಡುತ್ತಾ ನಿಂತಿದ್ದೆ.

ಸೋಮವಾರ ಅವಳು ಮೊದಲು ತೆರೆದು ತೋರಿಸಿದ್ದು ಗುರುವಾರದ ಆ ಸಾಲನ್ನೇ ಅಂತೆ. ಎಲ್ಲರೂ ಮೆಚ್ಚಿದರಂತೆ. ಉಸ್ತುವಾರಿಯೂ ಸಿಕ್ಕಿತು. ಆದರೆ ಮೊದಲು ಅವಳು ಹೀಗಾಯಿತು ಸಾರ್ ಎಂದರೆ ಸರಿಮ್ಮಾ ಎನ್ನುತ್ತಿದ್ದವರು, ಈಗ ನಗುನಗುತ್ತಲೇ "ಲಾಗ್ ಇರುಕ್ಕಾಮ್ಮಾ?", ಲಾಗ್ ಇದೆಯೇನಮ್ಮಾ, ಎಂದು ಕೇಳುತ್ತಾರಂತೆ. ಅವಳು ಇದನ್ನು ತಮಾಷೆಯೆಂದೇ ಹೇಳಿದಳು. ನನಗೆ ಆ ತಮಾಷೆ ಇನ್ನೂ ಅರಗಿಲ್ಲ. ನನ್ನ ಒಂದು ಮಧ್ಯಾಹ್ನಕ್ಕೆ ಅವಳ ಮಾತಿನ ತೂಕ ಇಳಿಯಿತು.

ಪೆಟ್ಟಿಗೆಯನ್ನು ತನ್ನ ರೂಮಿಗೆ ಒಯ್ಯುತ್ತೇನೆಂದಳು. ಬೇಡ, ಇಲ್ಲೇ ಇರಲಿ ಎಂದು ನಾನೇ ಹಟ ಮಾಡಿದೆ. ಮೊನ್ನೆ ಮಧ್ಯಾಹ್ನ ಆಫೀಸಿನಿಂದ ಫೋನ್ ಮಾಡಿ, "ಅಣ್ಣಾ, ಮೆಷೀನ್ ಓಡ್ತಿದೆಯಾ ನೋಡು" ಅಂದಳು. ಪುಟ ಅವಳ ಅಂಗೈಯಲ್ಲೇ ಇದೆ, ನನ್ನನ್ನು ಯಾಕೆ ಕೇಳಬೇಕು? ಎದ್ದು ಹೋಗಿ ಕೈಯಿಟ್ಟು ನೋಡಿ, "ಬೆಚ್ಚಗಿದೆ, ಓಡ್ತಿದೆ" ಅಂದೆ. "ಸರಿ ಅಣ್ಣ" ಎಂದು ಇಟ್ಟಳು.

ನಂಬಿ ಕೇಳಿದಳೋ, ಪುಟದ ಜೊತೆ ತಾಳೆ ನೋಡಲು ಕೇಳಿದಳೋ ಎಂದು ಸಂಜೆಯವರೆಗೆ ಒದ್ದಾಡಿದೆ. ಆಮೇಲೆ ಅನ್ನಿಸಿತು: ಯಾವುದಾದರೇನು, ಹೇಳಬೇಕಾಗಿದ್ದ ಉತ್ತರ ಒಂದೇ ತಾನೆ.