ಮೊಸರಿನ ಪಕ್ಕದ ಪೊಟ್ಟಣ

ನಮ್ಮ ಮನೆಯ ಫ್ರಿಡ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕದ ಜಾಗಕ್ಕೆ ಇಷ್ಟೊಂದು ಮಡಿವಂತಿಕೆಯಿದೆಯೆಂದು, ಅಲ್ಲಿ ಒಂದು ಪೊಟ್ಟಣ ಬ್ಯಾಕ್ಟೀರಿಯಾ ತಂದಿಡುವವರೆಗೂ ನನಗೆ ತಿಳಿದಿರಲಿಲ್ಲ. ಕಡಲೆಯ ಬೇರಿನಲ್ಲಿ ಗಂಟು ಕಟ್ಟಿಕೊಂಡು, ಗಾಳಿಯ ಸಾರಜನಕವನ್ನು ಗಿಡಕ್ಕೆ ಪುಕ್ಕಟೆ ಉಣಿಸುವ ಪರೋಪಕಾರಿಗಳಿವು ಎಂದು ನಾನು ವಿವರಿಸುವಷ್ಟರಲ್ಲೇ ಮಡದಿ, “ರೀ, ಕ್ರಿಮಿ ತಂದು ಮೊಸರಿನ ಪಕ್ಕ ಇಡ್ತೀರಲ್ಲ, ಬುದ್ಧಿ ಇದ್ಯಾ?” ಎಂದಳು. ಮೊಸರೂ ಅದೇ ಕುಲದವರ ಕೃಪೆಯೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಓದುಗ ಮಹಾಶಯರೇ, ಗೊಬ್ಬರದ ಕಂಪನಿಯೊಂದರಲ್ಲಿ ಮೂವತ್ತು ವರ್ಷ ರೈತರಿಗೆ ಭಾಷಣ ಬಿಗಿದು ನಿವೃತ್ತನಾದ ನಾನು ಅದುವರೆಗೆ ಒಂದು ತುಳಸಿಯನ್ನೂ ನೆಟ್ಟವನಲ್ಲ. ಸಂಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ತಮ್ಮ ಮಗಳ ಬಾಣಂತನಕ್ಕೆಂದು ಗದಗದ ಕಡೆಯಿಂದ ಬಂದಿದ್ದ ಬಸಮ್ಮನವರು ಒಂದು ದಿನ, “ನಿಮ್ಮೂರಾಗ ಎಲ್ಲಾ ಸಿಗ್ತೈತ್ರಿ, ಗಿಡದಿಂದ ಹರಕೊಂಡು ತಿನ್ನೂ ಹಸಿ ಕಡ್ಲಿ ಒಂದ ಸಿಗಂಗಿಲ್ಲ” ಎಂದು ನಿಟ್ಟುಸಿರಿಟ್ಟರು. ಸಂಕ್ರಾಂತಿಗೆ ಅವರು ಊರಿಗೆ ಹೊರಡುವುದರೊಳಗೆ ನಮ್ಮ ತಾರಸಿಯಲ್ಲೇ ಬೆಳೆದು ತಿನ್ನಿಸುತ್ತೇನೆಂದು, ಮಡದಿಯ ಎದುರೇ ಮಾತು ಕೊಟ್ಟುಬಿಟ್ಟೆ. ಮೂವತ್ತು ವರ್ಷದ ಮಾನವೆಲ್ಲ ಹದಿನೈದು ಮಣ್ಣಿನ ಚೀಲಗಳ ಪಾಲಾಯಿತು.

ಬೀಜವನ್ನು ಬೆಲ್ಲದ ನೀರು, ಬ್ಯಾಕ್ಟೀರಿಯಾ ಪುಡಿಗಳಲ್ಲಿ ಕಲಸಿ, ನೆರಳಿನಲ್ಲಿ ಆರಿಸಿ ಬಿತ್ತಿದೆ. ಅಲ್ಲಿಗೆ ಕೈಕಟ್ಟಿ ಕೂತಿದ್ದರೆ ಗೌರವ ಉಳಿಯುತ್ತಿತ್ತು. ಆದರೆ ಕಣ್ಣಿಗೆ ಕಾಣದ ನೌಕರರನ್ನು ನಂಬುವುದು ಹೇಗೆ? ವಾರಕ್ಕೊಮ್ಮೆ ಯೂರಿಯಾ ನೀರು ಉಣಿಸಿದೆ. ಕೂತಲ್ಲಿಗೇ ಊಟ ಬಂದ ಮೇಲೆ ಗಿಡಕ್ಕೆ ಬ್ಯಾಕ್ಟೀರಿಯಾದ ಹಂಗೇಕೆ? ಬಡ್ತಿ ಸಿಕ್ಕ ಮೇಲೆ ನಾನು ಕಚೇರಿಯಲ್ಲಿ ಮಾಡಿದ್ದನ್ನೇ ಆ ಬ್ಯಾಕ್ಟೀರಿಯಾಗಳೂ ಮಾಡಿದವು, ಅಂದರೆ ಏನೂ ಮಾಡಲಿಲ್ಲ. ಯೂರಿಯಾ ಉಂಡು ಕೊಬ್ಬಿದ ಗಿಡಗಳು ಸೊಂಟದೆತ್ತರ ಬೆಳೆದು ತೂಗಾಡಿದವು. ಕಾಯಿ ಮಾತ್ರ ಔಷಧಿಗೂ ಇಲ್ಲ.

ಸಾಲದ್ದಕ್ಕೆ, ನೀರಿನ ಟ್ಯಾಂಕಿನ ಹಿಂದಿದ್ದ ಐದು ಚೀಲಗಳ ಕುಡಿಗಳನ್ನು ಯಾರೋ ಚಿವುಟಿದ್ದರು. ಸಿಟ್ಟು ನೆತ್ತಿಗೇರಿ, “ಗಿಡ ಮುಟ್ಟಬಾರದು” ಎಂದು ಮೆಟ್ಟಿಲ ಗೋಡೆಗೆ ಚೀಟಿ ಅಂಟಿಸಿದೆ. ಸಂಕ್ರಾಂತಿಯ ಮುನ್ನಾದಿನ ಬಸಮ್ಮನವರೇ ನನ್ನನ್ನು ಟ್ಯಾಂಕಿನ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಗಿಡ್ಡ ಗಿಡಗಳ ತುಂಬ ಕಾಯಿ!

“ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ಪಲ್ಯಾಕ್ಕಂತ ಕುಡಿ ನಾನ ಚಿವುಟಿದ್ದೆ. ಚಿವುಟಿದ್ರ ಟಿಸಿಲು ಒಡೀತಾವ, ಕಾಯಿ ಹೆಚ್ಚು ಹಿಡಿತಾವ. ಇವಕ್ಕ ನೀವು ಗೊಬ್ಬರದ ನೀರು ಹಾಕಿಲ್ಲೇನ್ರಿ?”

“ಇಲ್ಲ ಬಸಮ್ಮನೋರೇ. ಪೈಪ್ ಕೆಳಗೆ ಬಗ್ಗಿ ಬರೋಕೆ ಬೆನ್ನು ಬಿಡ್ಲಿಲ್ಲ.”

“ಹಂಗಾರ ಮುಂದಿನ ವರ್ಷನೂ ನಿಮ್ಮ ಬೆನ್ನು ಹಿಂಗ ಇರ್ಲಿ!” ಎಂದು ಹರಸಿ, ಒಂದು ಹಿಡಿ ಬಿಡಿಸಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ನನಗೆ ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು. ಕೆಳಗಿಳಿಯುವಾಗ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಈ ವರ್ಷವೂ ಪೊಟ್ಟಣ ಬಂದಿದೆ. ಮಡದಿ ತಾನೇ ಅದನ್ನು ಮೊಸರಿನ ಪಕ್ಕಕ್ಕೆ ಸರಿಸಿ, “ಹೆಪ್ಪು ಹಾಕಿದ್ಮೇಲೆ ಪಾತ್ರೆ ಅಲ್ಲಾಡಿಸ್ಬಾರ್ದು ಕಣ್ರೀ. ಮೂವತ್ತು ವರ್ಷ ಅದೇನ್ ಭಾಷಣ ಮಾಡಿದ್ರೋ!” ಎಂದಳು. ಫ್ರಿಡ್ಜಿನ ಬಾಗಿಲಿಗೆ, ನನ್ನದೇ ಕೈಬರಹದ ಆ ಹಳೆಯ ಚೀಟಿಯನ್ನು ಅಂಟಿಸಿದ್ದಾಳೆ: “ಗಿಡ ಮುಟ್ಟಬಾರದು.” ಅದು ಯಾರಿಗೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.