ಸತ್ಯಮ್ಮ ಒಯ್ದ ಕೆಂಪು ಕೆಸರು

ಸತ್ಯಮ್ಮನಂಥ ಬಾಯಿಜೋರಿನ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಗುಲ್ಬರ್ಗ ಕಡೆಯವಳು, ಗಂಡ ತೀರಿಹೋದವಳು. ೧೯೯೬ರಲ್ಲಿ ಠಾಣೆ ಜಿಲ್ಲೆಯ ಘಣಸೋಲಿಯ ಆಚೆ ಹಾಳುಬಿದ್ದ ಕಲ್ಲು ಕ್ವಾರಿಯ ಹೊಂಡ ಶುದ್ಧ ಮಾಡುವ ಕೆಲಸಕ್ಕೆ ಬಂದಿದ್ದಳು. ಕಬ್ಬಿಣದ ಸಾಮಾನು ಆಸಿಡ್‌ನಲ್ಲಿ ತೊಳೆದು ಲೋಹದ ಲೇಪ ಕೊಡುತ್ತಿದ್ದ ಕಾರ್ಖಾನೆಯೊಂದು ವರ್ಷಗಟ್ಟಲೆ ತನ್ನ ಹೊಲಸನ್ನೆಲ್ಲ ಆ ಹೊಂಡಕ್ಕೆ ಸುರಿದು, ಕೊನೆಗೆ ಬೀಗ ಜಡಿದು ಹೋಗಿತ್ತು. ಮಳೆಗಾಲದಲ್ಲಿ ಹೊಂಡ ಉಕ್ಕಿ ಖಾಡಿಯ ಹಿನ್ನೀರಿಗೆ ಹರಿದರೆ ಮೀನುಗಳು ಸತ್ತು ತೇಲುತ್ತಿದ್ದವು. ಅಲ್ಲಿ ಕಂಟ್ರಾಕ್ಟರನ ಸೂಪರ್‌ವೈಸರ್ ನಾನು, ಕುಂದಾಪುರದ ಯಜ್ಞೇಶ್ವರ.

ಹೊಂಡದ ನೀರನ್ನು ಟಾಂಕಿಗೆ ಎತ್ತಿ ಸುಣ್ಣ ಸುರಿಯುತ್ತಿದ್ದೆವು. ಹೆಂಗಸರು ಉದ್ದ ಬಿದಿರಿನಿಂದ ಕದಡುತ್ತಿದ್ದರು. ಸುಣ್ಣದ ಧೂಳು ಹಾರಿದಾಗಲೆಲ್ಲ ಸತ್ಯಮ್ಮ ಕೂಗುತ್ತಿದ್ದಳು: "ಮೀನಿನ ಕಣ್ಣಿಗಿ ಬೆಣ್ಣಿ, ನಮ್ ಕಣ್ಣಿಗಿ ಸುಣ್ಣ! ಚಲೋ ನ್ಯಾಯ ಅದ ನೋಡ್ರಿ ಸಾಹೇಬ್ರ!"

ಮೊದಲ ಸಲ ಬೆಳಿಗ್ಗೆ ಬಂದು ನೋಡಿದಾಗ ಟಾಂಕಿಯ ತಳದಲ್ಲಿ ಕೆಂಪು ಕೆಸರು ಕೂತಿತ್ತು, ಮೇಲೆ ತಿಳಿನೀರು. ಸತ್ಯಮ್ಮ ಬೆರಗಾದಳು.

"ವಿಷ ಎಲ್ಲಿಗಿ ಹೋಯ್ತ್ರಿ ಸಾಹೇಬ್ರ?"

"ಸುಣ್ಣ ವಿಷವನ್ನು ಕೊಂದು ಹಾಕ್ತದೆ ಮಾರಾಯ್ತಿ. ನೀನು ಕೆಲಸ ನೋಡು," ಎಂದೆ.

ವಿಷ ಸತ್ತಿರಲಿಲ್ಲ, ಕೆಸರಿಗೆ ಇಳಿದಿತ್ತು. ನನಗದು ಗೊತ್ತಿತ್ತು. ಬಿಡಿಸಿ ಹೇಳುವ ತಾಳ್ಮೆ ಇರಲಿಲ್ಲ, ಅಷ್ಟೆ. ಕೆಸರನ್ನು ಒಣಗಿಸಿ ಗೋಣಿಗೆ ತುಂಬಿಸಿದೆವು. ಒಯ್ಯಬೇಕಾದ ಲಾರಿ ಇವತ್ತು ಬಂತು, ನಾಳೆ ಬಂತು ಎನ್ನುತ್ತಲೇ ತಿಂಗಳುಗಳು ಕಳೆದವು.

ಅಷ್ಟರಲ್ಲಿ ಸತ್ಯಮ್ಮನ ಒಬ್ಬಳೇ ಮಗಳು ಮಲ್ಲಿಕಾ ಚೊಚ್ಚಲ ಹೆರಿಗೆಗೆಂದು ತಾಯಿಯ ಜೋಪಡಿಗೆ ಬಂದಳು. ಅವಳ ಗಂಡ ಕಳಂಬೋಲಿಯ ಲೋಖಂಡ ಮಾರ್ಕೆಟ್ಟಿನಲ್ಲಿ ಕಬ್ಬಿಣ ಹೊರುವ ಹಮಾಲಿ. ಮಗಳಿಗೆ ಕುಬಸ, ಅಂದರೆ ಸೀಮಂತ, ಮಾಡುತ್ತೇನೆ, ಬರಲೇಬೇಕು ಎಂದು ಸತ್ಯಮ್ಮ ಪಟ್ಟು ಹಿಡಿದಳು. ಹೋದೆ. ಜೋಪಡಿಯ ನೆಲ, ಹೊಸ್ತಿಲು, ಒಲೆ ಎಲ್ಲ ಕೆಂಪಗೆ ಸಾರಿಸಿ ಲಕಲಕ ಅನ್ನುತ್ತಿತ್ತು. ಅವರ ಕಡೆ ಶುಭಕಾರ್ಯಕ್ಕೆ ಹುರಮಂಜು ಎಂಬ ಕೆಂಪು ಮಣ್ಣು ಬಳಿಯುತ್ತಾರಂತೆ.

"ನಮ್ಮ ಊರಿನ ಕಾವಿ ನೆಲದ ಹಾಗೇ ಉಂಟಲ್ಲ," ಎಂದು ಮೆಚ್ಚಿದೆ. ಈ ಊರಿನಲ್ಲಿ ಹುರಮಂಜು ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ.

ಹಸಿರು ಬಳೆ ತೊಟ್ಟ ಮಲ್ಲಿಕಾ ಒಲೆಯ ಅಂಚನ್ನು ಉಗುರಿನಿಂದ ಕೆರೆದು ಮೆಲ್ಲಗೆ ಬಾಯಿಗೆ ಹಾಕಿಕೊಂಡಳು. ಬಸುರಿಯರಿಗೆ ಮಣ್ಣಿನ ಬಯಕೆ ಇದ್ದದ್ದೇ.

"ದಿನಾ ಇದೇ ಆಟ್ರಿ ಈಕಿದು," ಎಂದು ಸತ್ಯಮ್ಮ ನಕ್ಕಳು. "ಬಯಕಿ ತೀರಲಿ ಬಿಡ್ರಿ, ಕೂಸು ಗಟ್ಟಿ ಆಗ್ತದ."

ನಾನೂ ನಕ್ಕೆ. ಹೋಳಿಗೆ ತಿಂದು ಬಂದೆ.

ಮೂರು ವಾರದ ನಂತರ ಮಲ್ಲಿಕಾಗೆ ವಾಂತಿ ಹತ್ತಿತು, ಆಮೇಲೆ ಸೆಳವು. ಠಾಣೆ ಶಹರದ ಆಸ್ಪತ್ರೆಗೆ ಸೇರಿಸಿದೆವು. ಏನು ತಿಂದಿದ್ದಳು ಎಂದು ಡಾಕ್ಟರು ಕೇಳಿದರು. ಮಣ್ಣು ತಿಂತಿದ್ದಳ್ರಿ, ಎಂದಳು ಸತ್ಯಮ್ಮ.

ನಾನು ಅವಳತ್ತ ತಿರುಗಿದೆ. "ಯಾವ ಮಣ್ಣು ಸತ್ಯಮ್ಮ?"

"ನಮ್ ಟಾಂಕಿದೇ ರೀ. ಒಂದು ಬುಟ್ಟಿ ಒಯ್ದಿದ್ದೆ. ವಿಷ ಸತ್ತದ ಅಂದಿದ್ರಲ್ಲ?"

ಕೂಸು ಹೊಟ್ಟೆಯಲ್ಲೇ ಹೋಯಿತು. ಎರಡು ದಿನಕ್ಕೆ ಮಲ್ಲಿಕಾಳೂ ಹೋದಳು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಆ ಅಳುವಿನಿಂದ ಯಾರಿಗೆ ಏನು ಬಂತು!

ಮಗಳ ದಿನಕರ್ಮ ಮುಗಿಸಿ ಸತ್ಯಮ್ಮ ಕೆಲಸಕ್ಕೆ ಬಂದಾಗ ತಲೆಯ ಮೇಲೊಂದು ಗೋಣಿಚೀಲವಿತ್ತು. ಜೋಪಡಿಯ ನೆಲ, ಹೊಸ್ತಿಲು, ಒಲೆ ಎಲ್ಲವನ್ನೂ ಅಗೆದು ತುಂಬಿದ್ದಳು. ಲಾರಿ ಬಾರದೆ ಬಿದ್ದಿದ್ದ ಗೋಣಿಗಳ ಸಾಲಿನಲ್ಲಿ ಅದನ್ನೂ ಇಳಿಸಿದಳು.

"ಒಯ್ದದ್ದು ತಂದೀನ್ರಿ ಸಾಹೇಬ್ರ. ಸ್ವಲ್ಪ ಕಮ್ಮಿ ಅದ. ಅಷ್ಟು ಮಲ್ಲಿಕಾನ ಹೊಟ್ಟ್ಯಾಗ ಹೋಯ್ತು."

ಅವಳು ನನ್ನನ್ನು ಬೈಯಲಿಲ್ಲ. ಬಿದಿರು ತೆಗೆದುಕೊಂಡು ಟಾಂಕಿಯ ಹತ್ತಿರ ಹೋಗಿ ನಿಂತಳು. ಆ ದಿನ ನಾನು ಎಲ್ಲ ಹೆಂಗಸರನ್ನೂ ಕರೆದು ಕೂರಿಸಿ, ವಿಷ ಎಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಿದೆ. ಹೇಳಿ ಮುಗಿಸಲು ಎರಡು ನಿಮಿಷ ಹಿಡಿಯಿತು.